ಬೂದಿ ದಿಬ್ಬದ ದೊಡ್ಡಿ

ನನ್ನ ಹುಟ್ಟೂರಿನ ಹೆಸರು ಮಸರಕಲ್. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿಗೆ ಸೇರಿದ ಊರು. ಹೊರಗಿನವರಿಗೆ ಈ ಹೆಸರನ್ನು ಒಮ್ಮೆ ಹೇಳಿದರೆ ಸಾಲದು. ಎರಡನೆಯ ಸಲ ಹೇಳಿ, ಮೂರನೆಯ ಸಲ ಅಕ್ಷರ ಬಿಡಿಸಿ ಹೇಳಬೇಕಾಗುತ್ತದೆ. ಆ ಮೇಲೆ ಅವರು, ಕನ್ನಡ ಮೇಷ್ಟರೆಂಬ ಕಾರಣದಿಂದ, ಹೆಸರಿನ ಅರ್ಥವೇನೆಂದು ಕೇಳಿಯೇ ಕೇಳುತ್ತಾರೆ. ನಮ್ಮ ಸೀಮೆಯ ಆಡುಮಾತಿನಲ್ಲಿ ಮೊಸರಿಗೆ ‘ಮಸರು’ ಎನ್ನುವುದುಂಟು. ಆದ್ದರಿಂದ ಮೊಸರಿನ ಕಲ್ಲೇ ಮಸರಕಲ್ ಎಂದು ನಾನು ಬಹುಕಾಲ ಉತ್ತರ ಹೇಳುತ್ತಿದ್ದೆ. ಆಯುಧವನ್ನು ಮಸೆಯುವ ಕಲ್ಲಿಗೆ ‘ಮಸೆಗಲ್ಲು’ ಎಂಬ ಹೆಸರಿರುವುದು ನೆನಪಾದಂದಿನಿಂದ ಆ ಉತ್ತರದ ಧೈರ್ಯ ಅರ್ಧಕ್ಕೆ ಇಳಿದಿದೆ. ಎರಡೂ ಊಹೆಗಳೇ, ಶಾಸನದ ಬೆಂಬಲ ಯಾವುದಕ್ಕೂ ಕೊಡಲಾರೆ. ವ್ಯುತ್ಪತ್ತಿಯ ಮೋಹ ನಮ್ಮ ವೃತ್ತಿಯವರಿಗೆ ಅಂಟಿದ ರೋಗವೆಂದು ವಾಚಕರು ಕ್ಷಮಿಸಬೇಕು. ಆದರೆ ಈ ಎರಡು ಊಹೆಗಳಲ್ಲಿ ಒಂದು ಹೈನಿನ ಕಡೆಗೂ ಇನ್ನೊಂದು ಕಲ್ಲಿನ ಆಯುಧದ ಕಡೆಗೂ ಕೈಮಾಡಿ ತೋರಿಸುತ್ತವೆ ಎಂಬುದು ನನಗೆ ಇಂದಿಗೂ ವಿನೋದವಾಗಿಯೇ ಕಾಣುತ್ತದೆ. ಏಕೆಂದರೆ ನಮ್ಮ ದೋಆಬಿನ ಅತಿ ಪ್ರಾಚೀನ ಚರಿತ್ರೆಯೆಂದರೆ ಈ ಎರಡೇ: ದನ ಮತ್ತು ಕಲ್ಲು.

ಕೃಷ್ಣೆ ಉತ್ತರಕ್ಕೆ, ತುಂಗಭದ್ರೆ ದಕ್ಷಿಣಕ್ಕೆ, ನಡುವೆ ಬಿಸಿಲು. ರಾಯಚೂರು ದೋಆಬಿನ ವರ್ಣನೆಯನ್ನು ಇಷ್ಟರಲ್ಲೇ ಮುಗಿಸಿಬಿಡಬಹುದೆಂದು ನಮ್ಮ ಗುರುಗಳೊಬ್ಬರು ತಮಾಷೆ ಮಾಡುತ್ತಿದ್ದರು. ಈ ಬಿಸಿಲ ಸೀಮೆಯಲ್ಲಿ ಊರುಗಳ ಹೊರಗೆ ‘ದೊಡ್ಡಿ’ಗಳೆಂಬ ಪುಟ್ಟ ವಸತಿಗಳಿವೆ. ದೇವದುರ್ಗ, ಲಿಂಗಸುಗೂರು, ಸುರಪುರದ ಕಡೆಗೆ ಹೋದವರಿಗೆ ಇವು ಹೇರಳವಾಗಿ ಕಾಣಸಿಗುತ್ತವೆ. ನಾಲ್ಕು ಮನೆ, ಹತ್ತು ಮನೆ, ಕೆಲವೆಡೆ ಐವತ್ತು ಮನೆ. ಕೇಳಿದರೆ, ಇಂಥವರ ದೊಡ್ಡಿ ಎಂದು ಹಿಂದಿನವರೊಬ್ಬರ ಹೆಸರು ಹೇಳುತ್ತಾರೆ. ದೊಡ್ಡಿಯೆಂದರೆ ಮೂಲತಃ ದನ ಕೂಡಿಹಾಕುವ ಬೇಲಿ. ಊರಿನಿಂದ ದೂರದ ಹೊಲದಲ್ಲಿ, ಹುಲ್ಲು ನೀರು ಇದ್ದೆಡೆಯಲ್ಲಿ, ಮುಳ್ಳುಕಂಟಿಯ ಬೇಲಿ ಕಟ್ಟಿ ದನಗಳನ್ನು ನಿಲ್ಲಿಸಿದರು, ಕಾಯುವವನಿಗೆ ಒಂದು ಗುಡಿಸಲು ಹಾಕಿದರು, ಅವನ ಹೆಂಡತಿ ಬಂದಳು, ಮಕ್ಕಳಾದವು, ಮಗನಿಗೆ ಮತ್ತೊಂದು ಗುಡಿಸಲಾಯಿತು. ಮೂರು ತಲೆಮಾರು ಕಳೆಯುವುದರೊಳಗೆ ದನದ ಬೇಲಿ ಜನವಸತಿಯಾಯಿತು. ಬೇಲಿ ಹೋದರೂ ಹೆಸರು ನಿಂತಿತು.

‘ಹಟ್ಟಿ’ಯ ಕಥೆಯೂ ಇದೇ. ಹಳೆಯ ‘ಪಟ್ಟಿ’ಯೇ ನಮ್ಮಲ್ಲಿ ಹಟ್ಟಿಯಾದದ್ದು, ಮೊದಲ ಅರ್ಥ ದನಕುರಿಗಳ ಬೀಡು, ಆಮೇಲಿನ ಅರ್ಥ ಊರು. ನೀಲಗಿರಿಯ ಬಡಗರು ತಮ್ಮ ಊರುಗಳನ್ನು ಇಂದಿಗೂ ಹಟ್ಟಿಯೆಂದೇ ಕರೆಯುತ್ತಾರೆ. ನಮ್ಮ ಜಿಲ್ಲೆಯ ಹಟ್ಟಿ ಇಂದು ಚಿನ್ನದ ಗಣಿಯಿಂದ ಹೆಸರಾಗಿದೆ. ಆದರೆ ಆ ಹೆಸರಿನೊಳಗೆ ಚಿನ್ನವಿಲ್ಲ, ಸಗಣಿಯಿದೆ. ಸಂಸ್ಕೃತದ ಕಡೆಗೆ ತಿರುಗಿದರೂ ಅಷ್ಟೆ. ನಾವು ಮದುವೆಯ ಮಾತುಕತೆಯಲ್ಲಿ ಗಂಭೀರವಾಗಿ ವಿಚಾರಿಸುವ ‘ಗೋತ್ರ’ದ ಮೂಲಾರ್ಥ ದನದ ಕೊಟ್ಟಿಗೆ. ನಮ್ಮ ಸಾಹಿತ್ಯ ಸಮ್ಮೇಳನಗಳ ‘ಗೋಷ್ಠಿ’ ಹುಟ್ಟಿದ್ದು ‘ಗೋಷ್ಠ’ದಿಂದ, ಎಂದರೆ ಹಸುಗಳು ಕೂಡುವ ತಾಣದಿಂದ. ಕವಿಗೋಷ್ಠಿಯಲ್ಲಿ ಕುಳಿತಾಗ ಒಮ್ಮೊಮ್ಮೆ ನನಗೆ ಈ ವ್ಯುತ್ಪತ್ತಿ ನೆನಪಾಗುವುದುಂಟು; ಕಾರಣವನ್ನು ಹೇಳಹೋಗುವುದಿಲ್ಲ.

ಇಷ್ಟು ಪೀಠಿಕೆಯ ಅಗತ್ಯವಿತ್ತು. ಏಕೆಂದರೆ ನಾನು ಹೇಳಹೊರಟಿರುವುದು ನಾಲ್ಕು ಸಾವಿರ ವರ್ಷಗಳ ಹಿಂದಿನ ಒಂದು ದೊಡ್ಡಿಯ ವಿಚಾರ. ಅದರ ಜೊತೆಗೆ ನನ್ನ ಸ್ವಂತದ ಒಂದು ತಪ್ಪೊಪ್ಪಿಗೆ.

ನಾನಾಗ ಹತ್ತು ವರ್ಷದ ಹುಡುಗ. ನಮ್ಮ ಮನೆಯಲ್ಲಿ ಒಂದು ಜೊತೆ ಎತ್ತು, ಎರಡು ಹಸು, ಒಂದು ಎಮ್ಮೆ ಇದ್ದವು. ಬೇಸಗೆಯ ಬಿಡುವಿನಲ್ಲಿ ತಂದೆಯವರು ಬಂಡಿ ಹೂಡಿಕೊಂಡು ಎರಡು ಹರಿದಾರಿ ದೂರದ ಒಂದು ಊರಿಗೆ ಹೋಗುತ್ತಿದ್ದರು. ಆ ಊರಿನ ಹೆಸರು ಇಲ್ಲಿ ಬೇಡ. ಊರಾಚೆ ಹಾಳುಭೂಮಿಯಲ್ಲಿ ಒಂದು ಬೂದಿಯ ದಿಬ್ಬವಿತ್ತು. ಬೆಳಗಿನ ಬಿಸಿಲಿಗೆ ಅದು ನೆಲದ ಮೇಲೆ ಮಲಗಿದ ಬಿಳಿಯ ಮೋಡದಂತೆ ಕಾಣುತ್ತಿತ್ತು. ಸುತ್ತಣ ಹಳ್ಳಿಗಳ ಬಂಡಿಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಗುದ್ದಲಿಯಿಂದ ಕೆರೆದರೆ ಹಿಟ್ಟಿನಂತಹ ಬೂದಿ. ಅದರ ನಡುನಡುವೆ ಇಟ್ಟಿಗೆಯ ಭಟ್ಟಿಯಲ್ಲಿ ಕರಗಿ ಗಟ್ಟಿಯಾದಂತಹ ಕಿಟ್ಟದ ಗಟ್ಟಿಗಳು. ಬೂದಿಯನ್ನು ಹೇರಿಕೊಂಡು ಬಂದು ಹೊಲಕ್ಕೆ ಚೆಲ್ಲುತ್ತಿದ್ದೆವು. ಚೌಳು ಮುರಿಯುತ್ತದೆ, ಜೋಳ ಹುಲುಸಾಗುತ್ತದೆ ಎಂಬ ನಂಬಿಕೆ. ನಾನು ಬುಟ್ಟಿ ಹಿಡಿದು ನಿಂತು, ಮೈಯೆಲ್ಲ ಬೂದಿ ಬಡಿದುಕೊಂಡು, ಸಂಜೆ ಮನೆಗೆ ಬಂದಾಗ ತಾಯಿ ಗುರುತು ಹಿಡಿಯದಂತೆ ನಟಿಸುತ್ತಿದ್ದುದು ಇನ್ನೂ ನೆನಪಿದೆ. ಒಟ್ಟು ಎಷ್ಟು ಬಂಡಿ ತಂದೆವೋ ಲೆಕ್ಕವಿಟ್ಟವರಿಲ್ಲ.

ಆ ಬೂದಿ ಯಾರದೆಂದು ತಾತನನ್ನು ಕೇಳಿದ್ದೆ. “ಅದು ರಾಕ್ಷಸನ ಬೂದಿ ಕಣಪ್ಪ. ಭೀಮಸೇನ ಬಡಿದು ಕೊಂದು ಸುಟ್ಟಾನ. ಅಷ್ಟು ದೊಡ್ಡ ಮೈ ಸುಟ್ರ ಅಷ್ಟು ಬೂದಿ ಆಗಲಾರದೇ ಇರ್ತದೇನು?” ಎಂದಿದ್ದರು. ತರ್ಕ ಅಕಾಟ್ಯವಾಗಿತ್ತು. ಬಳ್ಳಾರಿ ಸೀಮೆಯ ಇಂಥ ದಿಬ್ಬಗಳನ್ನು ಹಿಡಿಂಬಾಸುರನ ಬೂದಿಯೆಂದು ಕರೆಯುತ್ತಿದ್ದರೆಂದೂ, ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆಂದೂ ನಾನು ತಿಳಿದದ್ದು ಆಮೇಲೆ.

ಎಂ. ಎ. ಓದುವಾಗ ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದವನ ಕೈಗೆ ಎಫ್. ಆರ್. ಆಲ್ಚಿನ್ನರ ಒಂದು ಪುಸ್ತಕ ಸಿಕ್ಕಿತು. ದಕ್ಷಿಣ ಭಾರತದ ನವಶಿಲಾಯುಗದ ಗೋಪಾಲಕರನ್ನು ಕುರಿತು 1963ರಲ್ಲಿ ಪ್ರಕಟವಾದ ಗ್ರಂಥ. ನಕ್ಷೆಯನ್ನು ಬಿಡಿಸಿದರೆ ನಮ್ಮದೇ ಸೀಮೆ. ಓದುತ್ತ ಹೋದಂತೆ ಬೆನ್ನಿನಲ್ಲಿ ಬೆವರು ಇಳಿಯಿತು. ನಾವು ಬಂಡಿಗಟ್ಟಲೆ ಹೊತ್ತು ತಂದು ಜೋಳಕ್ಕೆ ಹಾಕಿದ್ದು ರಾಕ್ಷಸನ ಬೂದಿಯಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದಿನ ಜನ ತಮ್ಮ ದನದ ದೊಡ್ಡಿಯಲ್ಲಿ ತಲೆಮಾರುಗಳ ಕಾಲ ಕೂಡಿಹಾಕಿ ಸುಟ್ಟ ಸಗಣಿಯ ಬೂದಿ.

ಈ ನಿರ್ಣಯಕ್ಕೆ ವಿದ್ವಾಂಸರು ಸುಲಭವಾಗಿ ಬಂದವರಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲೇ ನ್ಯೂಬೋಲ್ಡ್ ಎಂಬ ಅಧಿಕಾರಿ ಬಳ್ಳಾರಿ ಬಳಿಯ ಕಪ್ಪಗಲ್ಲಿನ ದಿಬ್ಬವನ್ನು ಅಗೆದು ನೋಡಿದ್ದನು. ಭೂವಿಜ್ಞಾನಿಯಾದ ರಾಬರ್ಟ್ ಬ್ರೂಸ್ ಫೂಟನು, ಆಫ್ರಿಕದ ಪಶುಪಾಲಕರು ಮುಳ್ಳುಬೇಲಿಯೊಳಗೆ ದನ ಕೂಡುವ ವರ್ಣನೆಗಳನ್ನು ಓದಿಕೊಂಡಿದ್ದವನಾಗಿ, ಇವು ಸಗಣಿಯ ರಾಶಿ ಸುಟ್ಟು ಆದ ದಿಬ್ಬಗಳೆಂದು ಸರಿಯಾಗಿಯೇ ಊಹಿಸಿದನು. ಆದರೆ ಸಗಣಿ ಎಂಬ ಉತ್ತರ ಪಂಡಿತರಿಗೆ ರುಚಿಸಲಿಲ್ಲವೆಂದು ತೋರುತ್ತದೆ. ಬೂದಿ ಕೆಲವೆಡೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿತ್ತಾದ್ದರಿಂದ, ಸಗಣಿಯ ಬೆಂಕಿಗೆ ಅಷ್ಟು ಕಾವು ಎಲ್ಲಿಂದ ಬರಬೇಕೆಂದು ಅವರು ಶಂಕಿಸಿದರು. ‘ಮರೆತುಹೋದ ಸಾಮ್ರಾಜ್ಯ’ವಾದ ವಿಜಯನಗರವನ್ನು ಲೋಕಕ್ಕೆ ನೆನಪಿಸಿಕೊಟ್ಟ ರಾಬರ್ಟ್ ಸಿವೆಲ್ಲನು ಇವುಗಳನ್ನು ವಿಜಯನಗರದ ಕಾಲಕ್ಕೆ ಎಳೆದು ತಂದು ಬಲಿಕಾರ್ಯಗಳ ಶೇಷವೆಂದು ಬಗೆದನು. ಕಬ್ಬಿಣ ಕರಗಿಸಿದ ಕುಲುಮೆಗಳೆಂದವರೂ ಉಂಟು. ಕೊನೆಗೆ 1960ರಲ್ಲಿ ಸಾಯ್ನರ್ ಎಂಬ ವಿಜ್ಞಾನಿ ಬೂದಿಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಇದು ಸಗಣಿಯೇ ಎಂದು ಸಾಧಿಸಿದನು. ಹಳ್ಳಿಯ ಯಾವ ಮುದುಕಿಯನ್ನು ಕೇಳಿದ್ದರೂ, ಕುಳ್ಳಿನ ದೊಡ್ಡ ರಾಶಿ ಒಳಗೊಳಗೇ ವಾರಗಟ್ಟಲೆ ಕೆಂಡವಾಗಿ ಹೇಗೆ ಬೇಯುತ್ತದೆಂದು ಹೇಳುತ್ತಿದ್ದಳು. ಆದರೆ ಅವಳನ್ನು ಕೇಳಬೇಕೆಂದು ಯಾರಿಗೆ ತೋಚಬೇಕು?

ಆಲ್ಚಿನ್ನರು 1957ರಲ್ಲಿ ಅಗೆತ ನಡೆಸಿದ್ದು ನಮ್ಮ ನೆರೆಯ, ಆಗಿನ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ. ಅಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಕಟ್ಟಿದ ಬೇಲಿಯ ಕುಳಿಗಳು ಸಾಲುಸಾಲಾಗಿ ದೊರೆತವು. ಒಂದು ಬೇಲಿಯೊಳಗೆ ಇನ್ನೊಂದು. ಒಳಗಿನದು ದನಗಳಿಗೆ, ಎರಡರ ನಡುವಿನ ಅಂಕಣ ಮನುಷ್ಯರಿಗೆ. ಬೇಲಿ ಸುಟ್ಟಿದೆ, ಮತ್ತೆ ಕಟ್ಟಿದ್ದಾರೆ, ಮತ್ತೆ ಸುಟ್ಟಿದೆ. ಒಂದು ಪದರದ ಬೂದಿಯ ಮೇಲೆ ದನಗಳ ಗೊರಸಿನ ಗುರುತುಗಳು ಮೂಡಿದಂತೆಯೇ ಉಳಿದಿದ್ದವು. ಈ ವಾಕ್ಯವನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಸಾಮ್ರಾಟರ ಶಾಸನಗಳು ಕಲ್ಲಿನ ಮೇಲೆ ಉಳಿಯುವುದು ಆಶ್ಚರ್ಯವಲ್ಲ. ನಮ್ಮದೇ ಜಿಲ್ಲೆಯ ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಅಶೋಕನ ಹೆಸರು ಬೆಳಕಿಗೆ ಬಂದಿತು. ಲೋಕವೆಲ್ಲ ಅದನ್ನು ಬಲ್ಲದು. ಆದರೆ ಅಶೋಕನಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದೆ, ಒಂದು ಸಂಜೆ ಮೇದು ಬಂದ ಯಾವುದೋ ಹಸು ಮೆತ್ತಗಿನ ಬೂದಿಯ ಮೇಲೆ ಕಾಲಿಟ್ಟ ಗುರುತು ಉಳಿಯಿತೆಂಬುದನ್ನು ಏನೆನ್ನಬೇಕು?

ಇನ್ನು ಸುರಪುರ ಸೀಮೆಯ ಬೂದಿಹಾಳ. ಹೆಸರಿನಲ್ಲೇ ಬೂದಿಯಿದೆ. ಹಳ್ಳಿಗರು ತಮಗೆ ಕಂಡದ್ದನ್ನು ಹೆಸರಿನಲ್ಲಿ ಬರೆದಿಟ್ಟಿದ್ದರು, ಓದುವವರು ಬರಬೇಕಾಗಿತ್ತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಬಂದರು. ಸುರಪುರ ದೋಆಬಿನ ಹಳ್ಳಕೊಳ್ಳಗಳನ್ನು 1960ರ ದಶಕದಿಂದಲೇ ಕಾಲ್ನಡೆಯಲ್ಲಿ ಅಳೆದ ವಿದ್ವಾಂಸರು ಅವರು. 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಬೂದಿಹಾಳದಲ್ಲಿ ನಾಲ್ಕು ಬೂದಿ ದಿಬ್ಬಗಳಿವೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅವರು ಹಲವು ಋತುಗಳ ಕಾಲ ಅಲ್ಲಿ ಅಗೆತ ನಡೆಸಿದರು. ಅಲ್ಲಿಯ ವರೆಗೆ ಬೂದಿ ದಿಬ್ಬವನ್ನು ಮಾತ್ರ ಎಲ್ಲರೂ ನೋಡಿದ್ದರು. ಪದ್ದಯ್ಯನವರು ದಿಬ್ಬದ ಮಗ್ಗುಲನ್ನು ನೋಡಿದರು. ದನ ನಿಲ್ಲುತ್ತಿದ್ದ ದೊಡ್ಡಿಗೆ ಹೊಂದಿಕೊಂಡೇ ಜನರು ವಾಸವಾಗಿದ್ದ ನೆಲ ಸಿಕ್ಕಿತು. ಕಲ್ಲಿನ ಅಲಗುಗಳನ್ನು ಸೀಳುತ್ತಿದ್ದ ಜಾಗ, ದನಗಳನ್ನು ಕೊಯ್ದು ಮಾಂಸ ಹಂಚುತ್ತಿದ್ದ ಜಾಗ, ಎಲುಬುಗಳು, ಮಡಕೆ ಚೂರುಗಳು. ಎಲುಬುಗಳಲ್ಲಿ ದನದ್ದೇ ಹೆಚ್ಚು. ಮಣ್ಣಿನ ಗಡಿಗೆಗಳಲ್ಲಿಟ್ಟು ಹೂಳಿದ ಎಳೆಯ ಕೂಸುಗಳೂ ಅಲ್ಲಿ ದೊರೆತವು.

ಈ ಕೊನೆಯದನ್ನು ಓದಿದ ಮೇಲೆ ಅದು ನನಗೆ ಬರಿಯ ‘ನೆಲೆ’ಯಾಗಿ ಉಳಿಯಲಿಲ್ಲ. ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಕೊನೆಯ ಶತಮಾನಗಳು. ಸಿಂಧೂ ಬಯಲಿನಲ್ಲಿ ಇಟ್ಟಿಗೆಯ ಪಟ್ಟಣಗಳು ಇದ್ದ ಕಾಲದಲ್ಲೇ, ಇಲ್ಲಿ, ನಮ್ಮ ಕಾಲ ಕೆಳಗೆ, ಒಬ್ಬ ತಾಯಿ ದೊಡ್ಡಿಯ ಮಗ್ಗುಲಲ್ಲಿ ಮಗುವನ್ನು ಗಡಿಗೆಯಲ್ಲಿ ಮಲಗಿಸಿ ಮಣ್ಣು ಮುಚ್ಚಿದ್ದಾಳೆ. ಸತ್ತ ಕೂಸನ್ನು ದೂರಕ್ಕೆ ಒಯ್ದಿಲ್ಲ. ವಾಸದ ನೆಲದಲ್ಲೇ ಇರಿಸಿಕೊಂಡಿದ್ದಾಳೆ.

ದನ ಕೊಯ್ದರೆಂಬ ಮಾತು ಕೆಲವರಿಗೆ ಅಪ್ರಿಯವಾಗಬಹುದು. ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದುದುಂಟು. ಆದರೆ ಅವರು ನಮ್ಮ ಮೆಚ್ಚುಗೆಗಾಗಿ ಬದುಕಿದವರಲ್ಲ. ತಿಂದವರೂ ಅವರೇ, ಬಂಡೆಗಳ ಮೇಲೆ ಬಿಡಿಸಿದವರೂ ಅವರೇ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಬಂಡೆಬಂಡೆಗೂ ಗೂಳಿಗಳಿವೆ. ಉದ್ದನೆಯ ಕೊಂಬು, ಎತ್ತರದ ಇಣಿ. ಒಂದೆರಡು ಗೆರೆಗಳಲ್ಲಿ ಇಡೀ ಮೈಯ ಬಿಗುವು. ಅದೇ ಊರಿನಲ್ಲಿ ಸುಟ್ಟ ಮಣ್ಣಿನ ಪುಟ್ಟ ಬಸವಗಳೂ ಸಿಕ್ಕಿವೆ. ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ನಮ್ಮ ಮನೆಗಳಲ್ಲಿ ಎರೆಮಣ್ಣಿನಿಂದ ಎತ್ತು ಮಾಡಿ ಪೂಜಿಸುವುದನ್ನು ಬಲ್ಲವರಿಗೆ ಆ ಬೊಂಬೆಗಳನ್ನು ಕಂಡಾಗ ಏನೆನಿಸಬಹುದು? ನೇರವಾದ ಪರಂಪರೆಯಿದೆಯೆಂದು ನಾನು ವಾದಿಸುವುದಿಲ್ಲ. ನಾಲ್ಕು ಸಾವಿರ ವರ್ಷ ಸಣ್ಣ ಸೇತುವೆಯಲ್ಲ. ಆದರೂ ಕೈಗೆ ಅದೇ ಮಣ್ಣು, ಕಣ್ಣಿಗೆ ಅದೇ ಇಣಿ.

ಈ ಜನರು ಸಗಣಿಯನ್ನು ಸುಟ್ಟದ್ದೇಕೆ ಎಂಬುದೇ ಈ ಕಥೆಯ ಗಂಟು. ನಮ್ಮ ರೈತನಿಗೆ ಸಗಣಿಯೆಂದರೆ ಗೊಬ್ಬರ. ಕುರಿಯವರಿಗೆ ಕಾಳು ಕೊಟ್ಟು ಹೊಲದಲ್ಲಿ ಹಿಂಡು ತರುಬಿಸಿಕೊಳ್ಳುವ ಸೀಮೆ ನಮ್ಮದು. ಅಂಥದರಲ್ಲಿ ಆಳೆತ್ತರ, ಕೆಲವೆಡೆ ಮೂರುನಾಲ್ಕು ಆಳೆತ್ತರ ರಾಶಿ ಬಿದ್ದ ಸಗಣಿಯನ್ನು ಹೊಲಕ್ಕೆ ಹಾಕದೆ ಬೆಂಕಿಗಿಡುವುದೆಂದರೇನು? ಅವರಿಗೆ ಬೆಳೆ ಗೊತ್ತಿರಲಿಲ್ಲವೆಂದಲ್ಲ. ಕೊರಲೆ, ಹುರುಳಿ, ಹೆಸರು ಇವುಗಳ ಸುಟ್ಟ ಕಾಳುಗಳು ಆ ಕಾಲದ ನೆಲೆಗಳಲ್ಲಿ ಸಿಕ್ಕಿವೆ. ಆದರೆ ಹೊಲ ಸಣ್ಣದು, ಹಿಂಡು ದೊಡ್ಡದು. ಗೊಬ್ಬರದ ಹಸಿವು ಆ ಮಣ್ಣಿಗೆ ಇನ್ನೂ ಬಂದಿರಲಿಲ್ಲ. ದೊಡ್ಡಿಯಲ್ಲಿ ಉಣ್ಣಿ, ನೊಣ ಹೆಚ್ಚಿದಾಗ ಸುಟ್ಟು ಶುದ್ಧಿ ಮಾಡುತ್ತಿದ್ದಿರಬಹುದು. ಆಲ್ಚಿನ್ನರಿಗೆ ಇಷ್ಟು ಸಾಲಲಿಲ್ಲ. ಹೋಳಿ, ದೀಪಾವಳಿ, ಸಂಕ್ರಾಂತಿಗಳ ಬೆಂಕಿಯನ್ನು ಅವರು ನೆನೆದರು. ಋತು ತಿರುಗುವಾಗ ದನಗಳನ್ನು ಬೆಂಕಿಯ ಮಗ್ಗುಲಲ್ಲಿ ಹಾಯಿಸಿ, ಹಳೆಯ ದೊಡ್ಡಿಯನ್ನು ಸುಟ್ಟು, ಹೊಸ ಮೇವಿನ ಕಡೆಗೆ ಹೊರಡುವ ಹಬ್ಬವಿದ್ದೀತೆಂದರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದನ್ನು ನಾನು ಕಂಡಿದ್ದೇನೆ. ನಮ್ಮ ಉತ್ತರದ ಕಡೆ ಬಲಿಪಾಡ್ಯಮಿಯ ದಿನ ಹೆಂಗಸರು ಸಗಣಿಯಿಂದ ಪಾಂಡವರನ್ನೂ ಹಟ್ಟೆವ್ವನನ್ನೂ ಮಾಡಿ, ಹೂ ಮುಡಿಸಿ, ಬಾಗಿಲಲ್ಲಿಟ್ಟು ಪೂಜಿಸುತ್ತಾರೆ. ಹಟ್ಟೆವ್ವ, ಎಂದರೆ ಹಟ್ಟಿಯ ಅವ್ವ. ಇತ್ತೀಚಿನ ವಿದ್ವಾಂಸರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಈ ದಿಬ್ಬಗಳನ್ನು ಬೇಕೆಂದೇ ಎತ್ತರಿಸಿದ ಸ್ಮಾರಕಗಳೆನ್ನುತ್ತಾರೆ. ದೂರದೂರದ ಹಿಂಡುಗಳು ವರ್ಷಕ್ಕೊಮ್ಮೆ ಕೂಡುವ ಜಾತ್ರೆಯ ತಾಣವೆನ್ನುತ್ತಾರೆ. ನನಗೆ ಇದೂ ಒಪ್ಪಿತವೇ. ಯಾವ ಜಾತ್ರೆಯಾದರೂ ಒಂದೇ ಕಾರಣಕ್ಕೆ ನಡೆಯುವುದಿಲ್ಲ.

ಉತ್ತರ ಕರ್ನಾಟಕ ಮತ್ತು ಅದಕ್ಕೆ ಹತ್ತಿದ ಆಂಧ್ರ, ತೆಲಂಗಾಣಗಳಲ್ಲಿ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಗೊತ್ತಾಗಿವೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಜನ ಕ್ರಮೇಣ ನೆಲೆಯೂರಿ ಬೇಸಾಯಕ್ಕೆ ಇಳಿದಂತೆ ದಿಬ್ಬಗಳ ಬೆಂಕಿ ಆರಿತು.

ಬೆಂಕಿ ಆರಿದರೂ ದನದ ಚರಿತ್ರೆ ಮುಗಿಯಲಿಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಎಷ್ಟು ತುರುಗೊಳ್ ಕಲ್ಲುಗಳು! ‘ತುರು’ ಎಂದರೆ ದನ. ತುರುಗಳನ್ನು ಕದ್ದೊಯ್ದವರನ್ನು ಬೆನ್ನಟ್ಟಿ ಮಡಿದ ಹಳ್ಳಿಯ ಹುಡುಗರ ಚರಿತ್ರೆಯೇ ಅದು. ಪಂಪನಿಂದ ಕುಮಾರವ್ಯಾಸನ ವರೆಗೆ ನಮ್ಮ ಭಾರತಗಳಲ್ಲಿ ಗೋಗ್ರಹಣದ ಪ್ರಸಂಗ ಬಂದಾಗ ಕವಿಗೂ ಕೇಳುವವರಿಗೂ ಅದು ವಿರಾಟನಗರದ ಸುದ್ದಿಯಾಗಿರದೆ ಮೊನ್ನೆ ಊರಲ್ಲಿ ನಡೆದ ಸುದ್ದಿಯಾಗಿದ್ದಿರಬೇಕು. ಹನ್ನೆರಡನೆಯ ಶತಮಾನದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬ ವಚನಕಾರನಿದ್ದಾನೆ. ಕಾಯಕವೇ ಅವನ ಹೆಸರಿನ ಮೊದಲ ಭಾಗ. ಚಿತ್ರದುರ್ಗ, ಶಿರಾ ಕಡೆಯ ಕಾಡುಗೊಲ್ಲರಿಗೆ ಜುಂಜಪ್ಪನಿದ್ದಾನೆ. ಮ್ಯಾಸಬೇಡರಿಗೆ ದೇವರ ಎತ್ತುಗಳೂ, ಅವನ್ನು ಕಾಯುವ ಕಿಲಾರಿಗಳೂ ಇದ್ದ ಪದ್ಧತಿ ಇಂದಿಗೂ ಅಳಿದಿಲ್ಲ.

ದೊರೆಗಳು ದೊಡ್ಡಿ ಕಟ್ಟಿದ್ದೂ ಉಂಟು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಮನೆಯ ಹಿಂಡುಗಳಿಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟನು. ಬೆಣ್ಣೆಗಿಂತ ಫಿರಂಗಿ ಎಳೆಯುವ ಎತ್ತುಗಳೇ ಅವನಿಗೆ ಬೇಕಾಗಿದ್ದುದು. ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳು. ಹಿಂಡುಗಳು ಋತುವನ್ನನುಸರಿಸಿ ನಡೆಯುತ್ತಿದ್ದವು. 1799ರಲ್ಲಿ ಟಿಪ್ಪು ಬಿದ್ದಾಗ ದನಗಳೂ ಇಂಗ್ಲಿಷರ ಕೈಸೇರಿದವು. ಮರುವರ್ಷ ವೆಲ್ಲೆಸ್ಲಿಯು ಧೋಂಡಿಯ ವಾಘನನ್ನು ಅಟ್ಟಿಸಿಕೊಂಡು ನಮ್ಮ ದೋಆಬಿಗೆ ಬಂದು, 1800ರ ಸೆಪ್ಟೆಂಬರ್ 10ರಂದು ಅವನನ್ನು ಮುಗಿಸಿದನು. ಆ ದಂಡಿನೊಡನೆ ಮೈಸೂರಿನ ಎತ್ತುಗಳೂ ನಮ್ಮ ಎರೆಮಣ್ಣನ್ನು ತುಳಿದಿರಬೇಕು. ಮದರಾಸಿನ ಗವರ್ನರ್ ಟ್ರೆವೆಲಿಯನ್ನನು 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಈ ಹಿಂಡುಗಳನ್ನು ಮಾರಿಸಿದನು. ಆರೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ ಮತ್ತೆ ಕಟ್ಟಬೇಕಾಯಿತು. ಇಂದಿಗೂ ಅಜ್ಜಂಪುರದಲ್ಲಿ ಅದರ ತಳಿ ಸಂವರ್ಧನ ಕೇಂದ್ರವಿದೆ. ಕಾವಲುಗಳ ಮಾತು ಬೇರೆ. ಚಳ್ಳಕೆರೆಯ ಬಳಿ ಸುಮಾರು ಹತ್ತು ಸಾವಿರ ಎಕರೆ ಕಾವಲು ಈ ಶತಮಾನದ ಮೊದಲೆರಡು ದಶಕಗಳಲ್ಲಿ ಅಣುಶಕ್ತಿ, ರಕ್ಷಣೆ, ಬಾಹ್ಯಾಕಾಶದ ಸಂಸ್ಥೆಗಳ ಪಾಲಾಯಿತು. ಹುಲ್ಲು ಬೆಳೆಯುವ ಬಯಲು ಸರ್ಕಾರಿ ದಫ್ತರದ ಕಣ್ಣಿಗೆ ಯಾವಾಗಲೂ ‘ಖಾಲಿ’ಯಾಗಿಯೇ ಕಾಣುತ್ತದೆ.

ಮೈಸೂರಿನ ದನಗಳಿಗೆ ದಫ್ತರವಾದರೂ ಇತ್ತು. ನಮ್ಮ ಬೂದಿ ದಿಬ್ಬಗಳಿಗೆ ಅದೂ ಇಲ್ಲ.

ನಾರಾಯಣಪುರದಲ್ಲಿ ಕೃಷ್ಣೆಗೆ 1982ರಲ್ಲಿ ಅಣೆಕಟ್ಟು ಪೂರ್ಣವಾಯಿತು. ಬಲದಂಡೆಯ ಕಾಲುವೆ ದೇವದುರ್ಗದ ಹೊಲಗಳಿಗೆ ನೀರು ತಂದಿತು. ಜೋಳದ ಎರೆಯಲ್ಲಿ ಭತ್ತದ ಗದ್ದೆ ಎದ್ದಿತು. ಇದನ್ನು ದೂರುವಷ್ಟು ಕೃತಘ್ನ ನಾನಲ್ಲ. ಬರಗಾಲದಲ್ಲಿ ಗುಳೆ ಹೋದವರ ಮನೆಯ ಬೀಗಗಳನ್ನು ಕಂಡು ಬೆಳೆದವನು. ಆದರೆ ನೀರು ಬಂದಲ್ಲಿ ನೆಲಕ್ಕೆ ಬೆಲೆ ಬಂದಿತು; ಬೆಲೆ ಬಂದಲ್ಲಿ ದಿಬ್ಬ ಮಟ್ಟವಾಯಿತು. ಬಂಡಿಯ ಗುದ್ದಲಿಗೆ ನೂರು ವರ್ಷ ಹಿಡಿಯುತ್ತಿದ್ದ ಕೆಲಸವನ್ನು ಜೆಸಿಬಿ ಒಂದು ವಾರದಲ್ಲಿ ಮಾಡುತ್ತದೆ.

ಹೋದ ಬೇಸಗೆಯಲ್ಲಿ ನಾನು ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಾಲ್ಯದ ಆ ದಿಬ್ಬವನ್ನು ನೋಡಲು ಹೋದೆ. ಅವರಿಗೆ ಗೊರಸಿನ ಗುರುತುಗಳ ಕಥೆ ಹೇಳಿ ಹುರಿದುಂಬಿಸಿದ್ದೆ. ಅಲ್ಲಿ ಮೋಡವಿರಲಿಲ್ಲ. ನಾಲ್ಕೂ ಕಡೆ ಗದ್ದೆ. ಮೂಲೆಯಲ್ಲಿ ಬೇವಿನ ಮರ ನಿಂತಿದ್ದೆಡೆ ಮಾತ್ರ, ಮರ ಕಡಿಯಲು ಮನಸ್ಸು ಬಾರದ್ದರಿಂದ, ಒಂದು ಕೋಣೆಯಷ್ಟು ಬೂದಿ ಉಳಿದಿತ್ತು. ಅದರ ಮಗ್ಗುಲಲ್ಲಿ ಮಡಕೆಯ ಚೂರುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಹೊಲದ ಯಜಮಾನರು ಬಂದರು, ಎಪ್ಪತ್ತು ದಾಟಿದವರು. ನಾನು ಬಂದ ಕಾರಣವನ್ನು ವಿವರಿಸಿದೆ.

“ಹೌದ್ರಿ ಸರ, ಹಳೇ ಕಾಲದ್ದು ಅಂತ ಗೊತ್ತದ. ಏನು ಮಾಡಬೇಕು ಹೇಳ್ರಿ? ನಾಲ್ಕು ಎಕರೆದಾಗ ಒಂದು ಎಕರೆ ಬೂದಿ ಇಟ್ಕೊಂಡು ಕುಂತ್ರ ಮಕ್ಕಳು ಉಣಬೇಕಲ್ರಿ.”

“ಸರ್ಕಾರಕ್ಕೆ ತಿಳಿಸಬಹುದಾಗಿತ್ತಲ್ಲ, ತಾತ?”

“ತಿಳಿಸಿದ್ರ ಹೊಲ ಹೋಗ್ತದಂತ ಊರಾಗ ಅಂದ್ರು. ರೊಕ್ಕ ಕೊಡ್ತಾರೋ ಇಲ್ಲೋ ಯಾರಿಗೆ ಗೊತ್ತು?” ಎಂದವರು ಸ್ವಲ್ಪ ತಡೆದು, ನನ್ನ ಮುಖವನ್ನೇ ನೋಡಿ, “ನೀವು ಮಸರಕಲ್ಲಿನೋರಲ್ರಿ? ನಿಮ್ಮೂರಿನ ಬಂಡಿನೂ ಬರ್ತಿದ್ವು,” ಎಂದರು.

ಹುಡುಗರು ನನ್ನ ಕಡೆ ನೋಡಿದರು. ಬರುತ್ತಿದ್ದುವೆಂದು ಒಪ್ಪಿಕೊಂಡೆ. ಬುಟ್ಟಿ ಹಿಡಿದು ನಿಂತವನು ನಾನೇ ಎಂದೂ ಹೇಳಿದೆ. ಆ ಮೇಲೆ ಅವರು ನಮ್ಮನ್ನು ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟರು. ಪೇಟೆಯ ಪಾಕೀಟಿನ ಹಾಲು ಹೆಪ್ಪು ಹಾಕಿದ ಮಜ್ಜಿಗೆ, ಮನೆಯಲ್ಲಿ ದನವಿರಲಿಲ್ಲ. ಕಾರ ಹುಣ್ಣಿಮೆಗೆ ಕರಿ ಹರಿಯಲು ಊರಿನಲ್ಲಿ ಈಗ ಎಷ್ಟು ಜೊತೆ ಎತ್ತುಗಳಿವೆಯೆಂದು ಕೇಳಿದರೆ, ಕೈಬೆರಳು ಮಡಚಿ ಎಣಿಸಿ, ಇನ್ನೊಂದು ಕೈಗೆ ಹೋಗುವ ಮೊದಲೇ ನಿಲ್ಲಿಸಿದರು.

ನಮ್ಮ ಮನೆಯ ಎತ್ತುಗಳನ್ನು ಮಾರಿ ಹನ್ನೆರಡು ವರ್ಷವಾಯಿತು. ಮಾರಿದ ದಿನ ತಂದೆಯವರು ಊಟ ಮಾಡಲಿಲ್ಲ. ನಾನು ಕಾಲೇಜಿನ ಪರೀಕ್ಷಾ ಕೆಲಸದ ನೆಪ ಹೇಳಿ ಊರಿಗೆ ಹೋಗಲಿಲ್ಲ. ಕೊಟ್ಟಿಗೆಯ ಮುಕ್ಕಾಲು ಭಾಗ ಈಗ ಮೋಟಾರು ಸೈಕಲ್ಲು ನಿಲ್ಲಿಸುವ ಜಾಗ. ಉಳಿದ ಮೂಲೆಯಲ್ಲಿ, ಗೋದಲಿಯ ಮೇಲಿನ ಗೂಡಿನಲ್ಲಿ, ಒಂದು ಕಪ್ಪು ಕಲ್ಲಿದೆ. ಅಂಗೈಯಗಲ, ಒಂದು ತುದಿ ಚೂಪು, ಇನ್ನೊಂದು ತುದಿ ನುಣ್ಣಗೆ ಮಸೆದು ಅಲಗಿನಂತಾದದ್ದು. ಬೂದಿಯ ಬಂಡಿಯೊಂದರಲ್ಲಿ ಬಂದದ್ದು. ಸಿಡಿಲು ಬಿದ್ದಾಗ ನೆಲ ಸೇರಿದ ಕಲ್ಲೆಂದು ತಾತ ಹೇಳಿದ್ದರಿಂದ, ದನಗಳಿಗೆ ರೋಗ ಬಾರದಿರಲೆಂದು ತಾಯಿ ಅದನ್ನು ಅಲ್ಲಿಟ್ಟು ವಿಭೂತಿ ಹಚ್ಚಿದ್ದರು. ಇಂಥ ಕಲ್ಲಿನ ಆಯುಧಗಳನ್ನು ನಮ್ಮ ಸೀಮೆಯ ಲಿಂಗಸುಗೂರಿನಲ್ಲಿ 1842ರಷ್ಟು ಹಿಂದೆಯೇ ಪ್ರಿಮ್‌ರೋಸ್ ಎಂಬ ವೈದ್ಯನು ಗುರುತಿಸಿದ್ದನೆಂದೂ, ಇದು ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದದ್ದೆಂದೂ ನಾನು ತಂದೆಯವರಿಗೆ ಹಲವು ಸಲ ಹೇಳಿದ್ದೇನೆ. ಹೋದ ತಿಂಗಳು ಮತ್ತೊಮ್ಮೆ ಕೇಳಿದೆ.

“ಯಪ್ಪಾ, ದನಾನೇ ಇಲ್ಲ. ಇನ್ನು ಆ ಕಲ್ಲು ಯಾರನ್ನ ಕಾಯಬೇಕು? ಕೊಡು, ಒಯ್ತೀನಿ.”

ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆ ಮೇಲೆ, “ನಿಮ್ಮವ್ವನ್ನ ಕೇಳು” ಎಂದರು. ತಾಯಿ ಒಳಗಿನಿಂದಲೇ, ಕಾರ ಹುಣ್ಣಿಮೆ ಮುಗಿಯಲಿ, ಆ ಮೇಲೆ ನೋಡೋಣವೆಂದರು.